ಕೊರಳಿನ ಗಾಯವೂ ಬರಹದ ಸತ್ಯವೂ

ನುಡಿದ ಸುಳ್ಳಿಗೆ ಆಯುಷ್ಯ ಕಡಿಮೆ. ಕೇಳಿದವರು ಮರೆತರೆ ಅದು ಅಲ್ಲಿಗೆ ಮುಗಿಯುವುದುಂಟು. ಬರೆದ ಸುಳ್ಳು ಹಾಗಲ್ಲ. ಬರೆದವನು ಮರೆತ ಮೇಲೆಯೂ, ಒಮ್ಮೊಮ್ಮೆ ಅವನು ತೀರಿಕೊಂಡ ಮೇಲೆಯೂ, ಅದು ಕಡತದಲ್ಲಿ ಕುಳಿತು ಓದಿದವರಿಗೆಲ್ಲ ತಾನೇ ಸತ್ಯವೆಂದು ಹೇಳಿಕೊಳ್ಳುತ್ತಿರುತ್ತದೆ. ಭೂಮಿಯ ಪಹಣಿಯಲ್ಲಿ, ಅಂಗಡಿಯ ಖಾತೆಯಲ್ಲಿ, ಬಸದಿಯ ಆಡಳಿತದ ಲೆಕ್ಕಪತ್ರದಲ್ಲಿ ಇದನ್ನು ಕಂಡು ನೊಂದವರು ಅನೇಕರಿದ್ದಾರೆ. ರೋಗಿಯ ಗಾಯವನ್ನು ದಾಖಲಿಸುವ ಆಸ್ಪತ್ರೆಯ ಕಡತಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಇಂದು ಬಹುಮಂದಿ ತರುಣ ತರುಣಿಯರು ಮೆಡಿಕಲ್ ಕೋಡಿಂಗ್ ಎಂಬ ಉದ್ಯೋಗದಲ್ಲಿ ತೊಡಗಿದ್ದಾರೆ. ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರು ಬರೆದ ಟಿಪ್ಪಣಿಗಳನ್ನು ಓದಿ, ಪ್ರತಿಯೊಂದು ರೋಗಕ್ಕೂ ಗಾಯಕ್ಕೂ ಚಿಕಿತ್ಸೆಗೂ ನಿಗದಿಯಾದ ಅಕ್ಷರ ಮತ್ತು ಅಂಕಿಗಳ ಸಂಕೇತವನ್ನು ಬರೆಯುವುದು ಇವರ ಕೆಲಸ. ವಿಮಾ ಸಂಸ್ಥೆಗಳು ಹಣ ಪಾವತಿ ಮಾಡುವುದು ಆ ಸಂಕೇತಗಳನ್ನು ನೋಡಿ. ಸರ್ಕಾರವು ಯಾವ ಕಾಯಿಲೆ ಎಷ್ಟು ಎಂದು ಎಣಿಸುವುದೂ ಅವುಗಳಿಂದಲೇ. ಮುಂದೆ ಅದೇ ರೋಗಿಯನ್ನು ನೋಡುವ ಇನ್ನೊಬ್ಬ ವೈದ್ಯನು ಹಿಂದಿನ ಚರಿತ್ರೆಯನ್ನು ತಿಳಿಯುವಾಗ ಮೊದಲು ಕಣ್ಣಿಗೆ ಬೀಳುವುದೂ ಅನೇಕ ವೇಳೆ ಅವುಗಳೇ. ಬರೆಯುವವರು ರೋಗಿಯನ್ನು ಎಂದೂ ಕಂಡಿರುವುದಿಲ್ಲ. ತನ್ನ ನೋವಿಗೆ ಹೆಸರಿಟ್ಟವರು ಯಾರೆಂದು ರೋಗಿಗೂ ಎಂದೂ ತಿಳಿಯುವುದಿಲ್ಲ. ಇಬ್ಬರ ನಡುವಿನ ಸಂಬಂಧವೆಲ್ಲ ಆ ಏಳು ಅಕ್ಷರಗಳಲ್ಲಿಯೇ ಇರುತ್ತದೆ.

ಅಂತಹ ಉದ್ಯೋಗಿಗಳಲ್ಲಿ ಒಬ್ಬಳು ಮೂಡಬಿದಿರೆಯ ಕಡೆಯ ಒಂದು ಶ್ರಾವಕ ಮನೆತನದ ಹೆಣ್ಣುಮಗಳು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಕೋಡಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಆಕೆ ಕೆಲವು ವರ್ಷಗಳಿಂದ ದುಡಿಯುತ್ತಿದ್ದಾಳೆ. ಗಾಯ, ಮೂಳೆ ಮುರಿತ, ಸುಟ್ಟ ಗಾಯ, ವಿಷಬಾಧೆ ಇವು ಆಕೆಯ ಪಾಲಿಗೆ ಬಂದ ವಿಭಾಗ. ದಿನಕ್ಕೆ ಇಷ್ಟು ಕಡತಗಳನ್ನು ಮುಗಿಸಬೇಕೆಂಬ ಲೆಕ್ಕವುಂಟು. ತಪ್ಪು ಇಷ್ಟಕ್ಕಿಂತ ಹೆಚ್ಚಬಾರದೆಂಬ ಲೆಕ್ಕವೂ ಉಂಟು. ಈ ಎರಡು ಲೆಕ್ಕಗಳ ನಡುವೆ ಆಕೆಯ ದಿನ ಸಾಗುತ್ತದೆ.

ಒಂದು ಸಂಜೆ ಆಕೆಯ ಮುಂದೆ ಬಂದ ಕಡತವು ಕೊರಳಿನ ಗಾಯದ್ದಾಗಿತ್ತು. ಒಬ್ಬ ಮನುಷ್ಯನು ತನ್ನ ಮನೆಯ ಕಿಟಕಿಯ ಒಡೆದ ಗಾಜನ್ನು ತೆಗೆಯುತ್ತಿದ್ದಾಗ ಅದು ಜಾರಿ ಅವನ ಕೊರಳಿನ ಪಕ್ಕವನ್ನು ಸೀಳಿತ್ತು. ರಕ್ತ ಕಪ್ಪಾಗಿ, ಒಂದೇ ಸಮನೆ ಹರಿಯುತ್ತಿತ್ತೆಂದು ತುರ್ತು ವಿಭಾಗದ ಟಿಪ್ಪಣಿಯಲ್ಲಿತ್ತು. ಇದು ಓದುವುದಕ್ಕೆ ಸಾಮಾನ್ಯ ಸಂಗತಿಯಂತೆ ಕಂಡರೂ ವೈದ್ಯರ ದೃಷ್ಟಿಯಲ್ಲಿ ಬಹಳ ಅರ್ಥವುಳ್ಳ ಮಾತು. ಅಪಧಮನಿ ತುಂಡಾದರೆ ಕೆಂಪು ರಕ್ತವು ನಾಡಿಯ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತದೆ; ಹೃದಯಕ್ಕೆ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗೆ ಪೆಟ್ಟಾದರೆ ಕಪ್ಪಗಿನ ರಕ್ತವು ಸುಮ್ಮನೆ ಹರಿಯುತ್ತದೆ.

ಕೊರಳು ಮನುಷ್ಯನ ಶರೀರದಲ್ಲಿ ಬಹಳ ಇಕ್ಕಟ್ಟಾದ ದಾರಿ. ಉಸಿರಿನ ಕೊಳವೆ, ಅನ್ನನಾಳ, ಮಿದುಳಿಗೆ ರಕ್ತವನ್ನೊಯ್ಯುವ ಅಪಧಮನಿಗಳು, ಬೆನ್ನುಹುರಿ ಎಲ್ಲವೂ ಅಂಗೈಯಗಲದ ಜಾಗದಲ್ಲಿ ಒತ್ತಾಗಿ ಸೇರಿಕೊಂಡಿವೆ. ಮಿದುಳಿನಿಂದ ರಕ್ತವನ್ನು ಇಳಿಸಿ ತರುವ ದೊಡ್ಡ ನಾಳವೆಂದರೆ ಒಳ ಜುಗುಲಾರ್ ಅಭಿಧಮನಿ. ಅದು ಆಳದಲ್ಲಿ, ಕೆರಾಟಿಡ್ ಅಪಧಮನಿಯ ಜೊತೆಯಲ್ಲಿ ಒಂದೇ ಹೊದಿಕೆಯೊಳಗೆ ಇಳಿಯುತ್ತದೆ. ಹೊರ ಜುಗುಲಾರ್ ಅಭಿಧಮನಿಯಾದರೋ ಚರ್ಮದ ಕೆಳಗಿನ ಪ್ಲಾಟಿಸ್ಮಾ ಎಂಬ ತೆಳುವಾದ ಸ್ನಾಯುವಿನ ಅಡಿಯಲ್ಲಿಯೇ ಓರೆಯಾಗಿ ಹಾದು ಕೊರಳಿನ ಬುಡವನ್ನು ಸೇರುತ್ತದೆ. ಜೋರಾಗಿ ಕೂಗುವವರ ಅಥವಾ ಹಾಡುವವರ ಕೊರಳಿನಲ್ಲಿ ಉಬ್ಬಿ ಕಾಣುವುದು ಇದೇ.

ವೈದ್ಯರು ಇಂತಹ ಗಾಯವನ್ನು ಪರೀಕ್ಷಿಸುವಾಗ ಮೊದಲು ನೋಡುವುದು ಅದು ಪ್ಲಾಟಿಸ್ಮಾ ಸ್ನಾಯುವನ್ನು ದಾಟಿದೆಯೇ ಎಂಬುದನ್ನು. ದಾಟಿಲ್ಲವಾದರೆ ಅದು ಮೇಲ್ಮೈಯ ಗಾಯ. ದಾಟಿದ್ದರೆ ಒಳಗಿನ ಯಾವುದಕ್ಕಾದರೂ ಪೆಟ್ಟಾಗಿರಬಹುದೆಂದು ಎಚ್ಚರ ವಹಿಸುತ್ತಾರೆ. ಕೊರಳನ್ನು ಮೂರು ವಲಯಗಳಾಗಿ ಗುರುತಿಸುವುದು ರೂಢಿ: ಕೊರಳೆಲುಬಿನಿಂದ ಧ್ವನಿಪೆಟ್ಟಿಗೆಯ ಕೆಳಗಿನ ಕ್ರಿಕಾಯ್ಡ್ ಮೃದ್ವಸ್ಥಿಯವರೆಗೆ ಮೊದಲನೆಯದು, ಅಲ್ಲಿಂದ ದವಡೆಯ ಮೂಲೆಯವರೆಗೆ ಎರಡನೆಯದು, ಅದರ ಮೇಲೆ ತಲೆಬುರುಡೆಯ ಬುಡದವರೆಗೆ ಮೂರನೆಯದು. ಬಾವು ಕ್ಷಣಕ್ಷಣಕ್ಕೆ ಹಿಗ್ಗುತ್ತಿದೆಯೇ, ನಾಡಿ ಕುಸಿದಿದೆಯೇ, ಗಾಯದಿಂದ ಗಾಳಿಯ ಗುಳ್ಳೆ ಬರುತ್ತಿದೆಯೇ, ದನಿ ಬದಲಾಗಿದೆಯೇ, ಕೈಕಾಲಿನ ಶಕ್ತಿ ಕುಂದಿದೆಯೇ ಎಂದು ಪರೀಕ್ಷಿಸುತ್ತಾರೆ. ಇಂತಹ ಗುರುತುಗಳಲ್ಲಿ ಗಂಭೀರವಾದದ್ದು ಕಂಡರೆ ತಡಮಾಡದೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಫಿಯಿಂದ ಒಳಗಿನ ಸ್ಥಿತಿಯನ್ನು ತಿಳಿಯುತ್ತಾರೆ. ಈ ಮನುಷ್ಯನ ಅದೃಷ್ಟಕ್ಕೆ ಅಪಧಮನಿಗಳೂ ಶ್ವಾಸನಾಳವೂ ಅನ್ನನಾಳವೂ ಸುರಕ್ಷಿತವಾಗಿದ್ದವು. ಪೆಟ್ಟಾಗಿದ್ದುದು ಹೊರ ಜುಗುಲಾರ್ ಅಭಿಧಮನಿಗೆ ಮಾತ್ರ.

ಹಾಗೆಂದು ಅದನ್ನು ಲಘುವಾಗಿ ಎಣಿಸುವಂತಿಲ್ಲ. ಆ ಅಭಿಧಮನಿಯು ಕೊರಳೆಲುಬಿನ ಮೇಲ್ಭಾಗದಲ್ಲಿ ಆಳದ ಪೊರೆಯೊಂದನ್ನು ತೂರಿ ಹೋಗುವಲ್ಲಿ ಅದರ ಗೋಡೆ ಪೊರೆಗೆ ಅಂಟಿಕೊಂಡಿರುತ್ತದೆ. ಅಲ್ಲಿ ಕೊಯ್ದರೆ ನಾಳವು ಮುಚ್ಚಿಕೊಳ್ಳದೆ ಬಾಯಿ ತೆರೆದೇ ಇರುತ್ತದೆ. ರೋಗಿ ಉಸಿರೆಳೆದುಕೊಂಡಾಗ ಎದೆಯೊಳಗಿನ ಒತ್ತಡ ತಗ್ಗಿ, ಹೊರಗಿನ ಗಾಳಿಯು ಆ ಬಾಯಿಯಿಂದ ರಕ್ತದೊಳಕ್ಕೆ ಸೆಳೆಯಲ್ಪಟ್ಟು ಹೃದಯವನ್ನು ಸೇರುವ ಅಪಾಯವುಂಟು. ಆದಕಾರಣ ಗಾಯವನ್ನು ಒತ್ತಿ ಹಿಡಿದು, ರೋಗಿಯನ್ನು ಮಲಗಿಸಿ, ತಲೆಯ ಕಡೆಯನ್ನು ತುಸು ತಗ್ಗಿಸುವುದು ವೈದ್ಯರ ಪದ್ಧತಿ. ಬಹಳ ವೇಳೆ ಒತ್ತಡದಿಂದಲೇ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಹೊರ ಅಭಿಧಮನಿಯನ್ನು ದಾರದಿಂದ ಕಟ್ಟಿಬಿಡಬಹುದು. ರಕ್ತಕ್ಕೆ ಬೇರೆ ದಾರಿಗಳಿರುವುದರಿಂದ ಅದರಿಂದ ಕೆಡಕಿಲ್ಲ. ಒಳ ಅಭಿಧಮನಿಯಾದರೆ ಸಾಧ್ಯವಿದ್ದಷ್ಟೂ ಹೊಲಿದು ಉಳಿಸಿಕೊಳ್ಳಲು ನೋಡುತ್ತಾರೆ. ಪ್ರಾಣಸಂಕಟದಲ್ಲಿ ಒಂದು ಬದಿಯದನ್ನು ಕಟ್ಟಿದರೂ ರೋಗಿ ಸಾಮಾನ್ಯವಾಗಿ ತಾಳಿಕೊಳ್ಳುತ್ತಾನೆ. ಎರಡೂ ಬದಿಯವನ್ನು ಒಮ್ಮೆಗೇ ಕಟ್ಟಿದರೆ ಮಿದುಳಿನಲ್ಲಿ ಬಾವು ಬರುವ ಭಯವಿರುತ್ತದೆ.

ಕಡತದಲ್ಲಿದ್ದ ಮನುಷ್ಯನನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದು, ಅಭಿಧಮನಿಯನ್ನು ಕಟ್ಟಿ, ಗಾಯವನ್ನು ತೊಳೆದು ಹೊಲಿದು, ಒಂದು ರಾತ್ರಿ ಇರಿಸಿಕೊಂಡು ಮರುದಿನ ಮನೆಗೆ ಕಳುಹಿಸಲಾಗಿತ್ತು. ರೋಗಿಯ ಕಥೆ ಅಲ್ಲಿಗೆ ಸುಖವಾಗಿ ಮುಗಿದಿತ್ತು. ಬರೆಯುವವಳ ಕಷ್ಟ ಅಲ್ಲಿಂದ ಆರಂಭವಾಯಿತು.

ರೋಗಗಳನ್ನು ವರ್ಗೀಕರಿಸುವ ಈ ಪಟ್ಟಿಗೆ ದೀರ್ಘವಾದ ಇತಿಹಾಸವಿದೆ. 1893ರಲ್ಲಿ ಷಿಕಾಗೋದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಭೆಯಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋಂ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದರು. 1948ರಲ್ಲಿ ಅದರ ಆರನೆಯ ಪರಿಷ್ಕರಣದ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಯು ಆ ಹೊಣೆಯನ್ನು ವಹಿಸಿಕೊಂಡಿತು. ಐಸಿಡಿ ಎಂದು ಕರೆಯಲಾಗುವ ಈ ಪಟ್ಟಿಯ ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅಮೆರಿಕದ ಆಸ್ಪತ್ರೆಗಳು ಹತ್ತನೆಯದರ ತಮ್ಮದೇ ವಿಸ್ತೃತ ರೂಪವನ್ನು 2015ರ ಅಕ್ಟೋಬರ್ 1ರಿಂದ ಬಳಸುತ್ತಿವೆ.

ಅದಕ್ಕೆ ಮೊದಲಿನ ಅಲ್ಲಿಯ ಹಳೆಯ ಪಟ್ಟಿಯಲ್ಲಿ ಹೊರ ಜುಗುಲಾರ್ ಅಭಿಧಮನಿಯ ಗಾಯಕ್ಕೆಲ್ಲ 900.81 ಎಂಬ ಒಂದೇ ಅಂಕಿಯಿತ್ತು. ಎಡವೋ ಬಲವೋ, ಸೀಳೋ ತುಂಡೋ ಎಂಬ ಭೇದವಿರಲಿಲ್ಲ. ಹೊಸ ಪಟ್ಟಿಯಲ್ಲಿ ಎಸ್ 15.2 ಎಂದರೆ ಹೊರ ಅಭಿಧಮನಿಯ ಗಾಯ, ಎಸ್ 15.3 ಎಂದರೆ ಒಳ ಅಭಿಧಮನಿಯ ಗಾಯ. ಅದರ ಮುಂದಿನ ಅಂಕಿ 1 ಆದರೆ ಸಣ್ಣ ಸೀಳು, 2 ಆದರೆ ದೊಡ್ಡ ಸೀಳು. ಅದರ ಮುಂದಿನದು 1 ಆದರೆ ಬಲ, 2 ಆದರೆ ಎಡ, 9 ಆದರೆ ಪಾರ್ಶ್ವ ತಿಳಿದಿಲ್ಲ. ಏಳನೆಯ ಸ್ಥಾನದಲ್ಲಿ ಎ ಎಂಬ ಅಕ್ಷರವಿದ್ದರೆ ಗಾಯಕ್ಕೆ ನೇರ ಚಿಕಿತ್ಸೆ ನಡೆಯುತ್ತಿದೆ ಎಂದರ್ಥ. ಡಿ ಎಂದರೆ ಮಾಯುತ್ತಿರುವ ಗಾಯದ ಮುಂದಿನ ಆರೈಕೆ. ಎಸ್ ಎಂದರೆ ಗಾಯ ಮಾಯ್ದ ಮೇಲೆ ಉಳಿದ ತೊಂದರೆ. ಎ ಎಂದರೆ ಮೊದಲನೆಯ ಭೇಟಿ ಎಂದು ಕೆಲವರು ತಪ್ಪಾಗಿ ತಿಳಿಯುವುದುಂಟು. ನೇರ ಚಿಕಿತ್ಸೆ ನಡೆಯುವಷ್ಟು ಕಾಲವೂ ಅದು ಎ ಆಗಿಯೇ ಇರುತ್ತದೆ.

ಇಲ್ಲಿ ಸಣ್ಣದು, ದೊಡ್ಡದು ಎಂಬ ಮಾತುಗಳು ಬರೆಯುವವರ ಅನಿಸಿಕೆಗೆ ಬಿಟ್ಟವಲ್ಲ. ನಾಳವು ಅರೆಯಾಗಿ ಕತ್ತರಿಸಿದ್ದರೆ, ಮೇಲ್ಮೈಯ ಸೀಳಾಗಿದ್ದರೆ, ಅಥವಾ ವೈದ್ಯರು ಸೀಳು ಎಂದಷ್ಟೇ ಹೇಳಿ ಬೇರೇನನ್ನೂ ಹೇಳದಿದ್ದರೆ ಅದು ಸಣ್ಣದು. ಪೂರ್ಣವಾಗಿ ತುಂಡಾಗಿದ್ದರೆ ಅಥವಾ ಪೆಟ್ಟಿನಿಂದ ಒಡೆದಿದ್ದರೆ ಅದು ದೊಡ್ಡದು. ರೋಗಿ ಎಷ್ಟು ಹೆದರಿದನು, ರಕ್ತ ಎಷ್ಟು ಹೋಯಿತು, ಚಿಕಿತ್ಸೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೊರಳಿನ ತೆರೆದ ಗಾಯಕ್ಕೆ ಎಸ್ 11 ಎಂಬ ಬೇರೆ ವರ್ಗವಿದ್ದು ಅದನ್ನೂ ಜೊತೆಗೆ ಬರೆಯಬೇಕು. ಯಾವುದನ್ನು ಮೊದಲು ಬರೆಯಬೇಕೆಂಬುದಕ್ಕೂ ನಿಯಮವಿದೆ. ಮುಖ್ಯ ಗಾಯ ಬೇರೆಯದಾಗಿದ್ದು ರಕ್ತನಾಳಕ್ಕೆ ಅಲ್ಪ ಹಾನಿಯಾಗಿದ್ದರೆ ಆ ಮುಖ್ಯ ಗಾಯ ಮೊದಲು. ರಕ್ತನಾಳದ ಪೆಟ್ಟೇ ಮುಖ್ಯವಾಗಿದ್ದು ಚಿಕಿತ್ಸೆಯೂ ಅದನ್ನೇ ಕುರಿತದ್ದಾಗಿದ್ದರೆ ಅದೇ ಮೊದಲು. ಶಸ್ತ್ರಚಿಕಿತ್ಸೆ ನಡೆಯುವಾಗ ಅಕಸ್ಮಾತ್ತಾಗಿ ರಕ್ತನಾಳಕ್ಕೆ ಸೂಜಿಯೋ ಕತ್ತಿಯೋ ತಾಗಿದರೆ ಅದು ಈ ಎಸ್ ವರ್ಗಕ್ಕೆ ಸೇರುವುದೇ ಇಲ್ಲ. ಅದಕ್ಕೆ ಐ 97 ಎಂಬ ಬೇರೆ ವರ್ಗವೇ ಉಂಟು.

ಆಕೆಯ ಮುಂದಿದ್ದ ಕಡತದಲ್ಲಿ ಎರಡು ತೊಡಕುಗಳಿದ್ದವು. ಶಸ್ತ್ರವೈದ್ಯರು ಬಲ ಪಾರ್ಶ್ವವೆಂದು ಬರೆದಿದ್ದರು. ರೋಗಿ ಬಂದ ಕೂಡಲೇ ಅವನನ್ನು ನೋಡಿದ ದಾದಿಯು ಎಡ ಪಾರ್ಶ್ವವೆಂದು ಬರೆದಿದ್ದಳು. ಎರಡನೆಯದಾಗಿ, ಅಭಿಧಮನಿಯನ್ನು ಕಟ್ಟಲಾಯಿತು ಎಂದಿತ್ತೇ ಹೊರತು ಅದು ಅರೆಯಾಗಿ ಸೀಳಿತ್ತೋ ಪೂರ್ತಿ ತುಂಡಾಗಿತ್ತೋ ಎಂಬುದು ಸ್ಪಷ್ಟವಿರಲಿಲ್ಲ. ಒಂದು ಕಡೆ ಸೀಳು ಎಂದಿದ್ದರೆ, ಇನ್ನೊಂದು ಕಡೆ ನಾಳದ ಎರಡು ತುದಿಗಳನ್ನು ಕಟ್ಟಿದ ಹಾಗೆ ಅರ್ಥವಾಗುವ ಮಾತಿತ್ತು.

ತಂಡದ ಮೇಲ್ವಿಚಾರಕರು ಕೆಟ್ಟ ಮನುಷ್ಯರಲ್ಲ. ಅವರಿಗೂ ಮೇಲಿನವರ ಒತ್ತಡವಿತ್ತು. "ಇಷ್ಟಕ್ಕೆಲ್ಲ ತಡ ಮಾಡಬೇಡಿ. ಕಟ್ಟಿದ್ದಾರೆ ಎಂದರೆ ತುಂಡಾಗಿತ್ತು ಎಂದೇ ಅರ್ಥ, ದೊಡ್ಡದು ಎಂದು ಹಾಕಿ. ಪಾರ್ಶ್ವಕ್ಕೆ ವೈದ್ಯರ ಮಾತನ್ನೇ ಹಿಡಿಯಿರಿ. ಅದೂ ಬೇಡವೆಂದರೆ ಒಂಬತ್ತು ಹಾಕಿ ಮುಗಿಸಿ" ಎಂದು ಅವರು ಹೇಳಿದರು. ಮೂರು ಮಾತುಗಳೂ ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತವೆ. ಆದರೆ ಸೂಕ್ಷ್ಮವಾಗಿ ನೋಡಿದರೆ ಮೂರರಲ್ಲಿಯೂ ದೋಷವಿದೆ.

ಅರೆಯಾಗಿ ಸೀಳಿದ ನಾಳವನ್ನೂ ವೈದ್ಯರು ಕಟ್ಟುವುದುಂಟು. ಆದುದರಿಂದ ಚಿಕಿತ್ಸೆಯನ್ನು ನೋಡಿ ಗಾಯದ ಪ್ರಮಾಣವನ್ನು ಊಹಿಸುವುದು ಸರಿಯಲ್ಲ. ಗಾಯ ಎಷ್ಟಿತ್ತು ಎಂದು ಹೇಳಬೇಕಾದವರು ಅದನ್ನು ಕಣ್ಣಾರೆ ಕಂಡ ವೈದ್ಯರು. ಇನ್ನು ಪಾರ್ಶ್ವದ ವಿಷಯ. ವೈದ್ಯರು ಪಾರ್ಶ್ವವನ್ನು ಬರೆಯದೆ ಬಿಟ್ಟಿದ್ದರೆ ದಾದಿಯರ ಟಿಪ್ಪಣಿಯಿಂದ ಅದನ್ನು ತೆಗೆದುಕೊಳ್ಳಲು ಅಮೆರಿಕದ ನಿಯಮಾವಳಿ ಅವಕಾಶ ಕೊಡುತ್ತದೆ. ಆದರೆ ಇಬ್ಬರ ಬರಹಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಬೇಕೆಂದು ಅದೇ ನಿಯಮಾವಳಿ ವಿಧಿಸುತ್ತದೆ. ಕೊನೆಯದಾಗಿ ಒಂಬತ್ತು. ತಿಳಿಯದುದನ್ನು ತಿಳಿಯದು ಎಂದು ಬರೆಯುವುದು ಪ್ರಾಮಾಣಿಕತೆಯೇ ಸರಿ. ಆದರೆ ಕೇಳಿದರೆ ತಿಳಿಯಬಹುದಾದುದನ್ನು ಕೇಳದೆ ಬಿಟ್ಟು ತಿಳಿಯದು ಎಂದು ಬರೆಯುವುದು ಬೇರೆ. ಅದು ಸತ್ಯದ ವೇಷ ತೊಟ್ಟ ಸೋಮಾರಿತನ.

ಎಡವೋ ಬಲವೋ ಎಂಬುದರಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಬಹುದು. ಮುಂದೊಂದು ದಿನ ಆ ಮನುಷ್ಯನು ತೀವ್ರವಾದ ಕಾಯಿಲೆಯಿಂದ ಆಸ್ಪತ್ರೆ ಸೇರಿದರೆ, ಔಷಧ ಕೊಡುವುದಕ್ಕಾಗಿ ಕೊರಳಿನ ಅಭಿಧಮನಿಯೊಳಗೆ ನಳಿಕೆ ಹಾಕಬೇಕಾಗಬಹುದು. ಸಾಮಾನ್ಯವಾಗಿ ಬಲಗಡೆಯ ಒಳ ಅಭಿಧಮನಿಯನ್ನೇ ಅದಕ್ಕೆ ಆರಿಸುತ್ತಾರೆ. ಯಾವ ಕಡೆ ಹಿಂದೆ ಗಾಯವಾಗಿತ್ತು, ಯಾವ ಕಡೆ ನಾಳವನ್ನು ಕಟ್ಟಲಾಗಿದೆ ಎಂಬ ತಿಳಿವಳಿಕೆ ಆಗ ಬೇಕಾಗುತ್ತದೆ. ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವನ ಪರವಾಗಿ ಮಾತಾಡಬೇಕಾದುದು ಕಡತ ಮಾತ್ರ.

ಆ ರಾತ್ರಿ ಆಕೆ ರೂಢಿಯಂತೆ ಊರಿಗೆ ಫೋನು ಮಾಡಿದಳು. ಅಜ್ಜನಿಗೆ ಎಂಬತ್ತು ದಾಟಿದೆ. ಬಹುಕಾಲ ಊರ ಬಸದಿಯ ಲೆಕ್ಕ ಬರೆದವರು; ಗೇಣಿಯ ಅಕ್ಕಿಯನ್ನು ಸೇರಿನಲ್ಲಿ ಅಳೆದು ತೆಗೆದುಕೊಂಡ ಕಾಲವನ್ನೂ ಕಂಡವರು. ಸೇರಿನ ಮೇಲೆ ಅಕ್ಕಿ ಗೋಪುರವಾಗಿ ನಿಲ್ಲದಂತೆ, ಬಾಯಿಯಿಂದ ತಗ್ಗದಂತೆ, ಕೋಲನ್ನು ಎಳೆದು ಮಟ್ಟ ಮಾಡುತ್ತಿದ್ದುದನ್ನು ಅವರು ಮಕ್ಕಳಿಗೆ ಹೇಳುವುದುಂಟು. ಆಕೆ ರೋಗಿಯ ಹೆಸರನ್ನಾಗಲಿ ಊರನ್ನಾಗಲಿ ಆಸ್ಪತ್ರೆಯನ್ನಾಗಲಿ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಕೆಲಸದಲ್ಲಿ ಒಂದು ಸಂದೇಹ ಬಂದಿದೆ, ಎರಡು ಬರಹಗಳು ಹೊಂದುವುದಿಲ್ಲ, ಬೇಗ ಮುಗಿಸಿ ಎನ್ನುತ್ತಾರೆ ಎಂದಷ್ಟೇ ಹೇಳಿದಳು.

"ಮಗಾ, ಆ ಗಾಯವನ್ನು ನೀನು ಕಂಡಿದ್ದೀಯಾ?" ಎಂದು ಅಜ್ಜ ಕೇಳಿದರು.

"ಇಲ್ಲ ಅಜ್ಜ. ಕಾಣಲಿಕ್ಕೆ ಉಂಟಾ? ಅವರು ಎಲ್ಲಿಯೋ, ನಾನು ಎಲ್ಲಿಯೋ."

"ಕಂಡವರು ಇದ್ದಾರಲ್ಲ?"

"ಇದ್ದಾರೆ."

"ಹಾಗಾದರೆ ಅವರನ್ನು ಕೇಳಬೇಕು. ಕಂಡವರು ಬದುಕಿರುವಾಗ ಕಾಣದವರು ಯಾಕೆ ಸಾಕ್ಷಿ ಹೇಳಬೇಕು?"

ಅಜ್ಜನ ಮಾತಿನಲ್ಲಿ ಹೊಸತೇನೂ ಇರಲಿಲ್ಲ. ಆಕೆಗೆ ತಿಳಿದಿದ್ದ ನಿಯಮವನ್ನೇ ಅವರು ಬೇರೆ ಮಾತಿನಲ್ಲಿ ಹೇಳಿದರು. ಮರುದಿನ ಆಕೆ ವೈದ್ಯರಿಗೆ ಪ್ರಶ್ನೆಯನ್ನು ಬರೆದು ಕಳುಹಿಸಿದಳು. ಇಂತಹ ಪ್ರಶ್ನೆಯನ್ನು ಬರೆಯುವುದಕ್ಕೂ ಒಂದು ಮರ್ಯಾದೆಯಿದೆ. ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ಯಾವ ಉತ್ತರಕ್ಕೆ ಹೆಚ್ಚು ಹಣ ಬರುತ್ತದೆ ಎಂದು ಸೂಚಿಸಬಾರದು. ತುಂಡಾಗಿತ್ತಲ್ಲವೇ ಎಂದು ಆಕೆ ಕೇಳಲಿಲ್ಲ. ಕಡತದ ಎರಡೂ ಬರಹಗಳನ್ನು ಎದುರಿಗಿಟ್ಟು, ಗಾಯ ಯಾವ ಪಾರ್ಶ್ವದ್ದು, ನಾಳದ ಗೋಡೆ ಎಷ್ಟರ ಮಟ್ಟಿಗೆ ಕತ್ತರಿಸಿತ್ತು ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಬೇಕೆಂದು ಕೋರಿದಳು. ಮೇಲ್ವಿಚಾರಕರು ಅಸಮಾಧಾನದಿಂದಲೇ ಒಪ್ಪಿದರು. ಕಡತ ಬಾಕಿಯಲ್ಲಿ ಉಳಿಯಿತು. ಆ ದಿನದ ಲೆಕ್ಕದಲ್ಲಿ ಆಕೆಗೆ ಒಂದು ಕಡಿಮೆಯಾಯಿತು.

ಎರಡು ದಿನಗಳ ನಂತರ ಉತ್ತರ ಬಂದಿತು. ಗಾಯ ಎಡ ಪಾರ್ಶ್ವದ್ದು. ಬಲವೆಂದು ಬರೆದದ್ದು ಕೈತಪ್ಪು. ಅಭಿಧಮನಿಯ ಮುಂಭಾಗದ ಗೋಡೆ ಮಾತ್ರ ಸೀಳಿತ್ತು, ಪೂರ್ತಿ ತುಂಡಾಗಿರಲಿಲ್ಲ. ಹೊಲಿದು ಉಳಿಸುವ ಅಗತ್ಯವಿಲ್ಲದ ನಾಳವಾದುದರಿಂದ ಸೀಳಿನ ಮೇಲೂ ಕೆಳಗೂ ಕಟ್ಟಲಾಯಿತು. ವೈದ್ಯರು ತಮ್ಮ ಟಿಪ್ಪಣಿಯನ್ನು ವಿಧಿವತ್ತಾಗಿ ತಿದ್ದಿದರು. ಶಸ್ತ್ರಚಿಕಿತ್ಸೆ ನಡೆದದ್ದು ಅಭಿಧಮನಿಗಾಗಿಯೇ ಆದಕಾರಣ ಆಕೆ ಮೊದಲು ಎಸ್ 15.212 ಎ ಎಂದೂ, ಕೊರಳಿನ ತೆರೆದ ಗಾಯಕ್ಕಾಗಿ ಅದರ ಕೆಳಗೆ ಎಸ್ 11.81 ಎಕ್ಸ್ ಎ ಎಂದೂ ಬರೆದಳು. ಕೇಳದೆ ಬರೆದಿದ್ದರೆ ಪಾರ್ಶ್ವವೂ ತಪ್ಪು, ಪ್ರಮಾಣವೂ ತಪ್ಪು ಆಗುತ್ತಿತ್ತು. ಆ ತಪ್ಪು ಒಬ್ಬರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದೇ ಅದರ ಭಯಂಕರತೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಸ್ವಾಧ್ಯಾಯ ಮಾಡುವವರಿಗೆ ಅಣುವ್ರತಗಳ ಅತಿಚಾರಗಳು ಪರಿಚಿತವೇ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ ಮಾಡುವುದು, ಒಂದು. ಇತರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನ ಇನ್ನೊಂದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಸೇರಿದೆ. ಅಳತೆಯಲ್ಲಿ ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು ಕದ್ದುದಕ್ಕೆ ಸಮೀಪವೆಂಬುದು ಇದರ ತಾತ್ಪರ್ಯ. ಆ ಪದದಲ್ಲಿ ಹೀನವೂ ಇದೆ, ಅಧಿಕವೂ ಇದೆ ಎಂಬುದು ಗಮನಾರ್ಹ. ಗಾಯವನ್ನು ಇದ್ದುದಕ್ಕಿಂತ ದೊಡ್ಡದೆಂದು ಬರೆದರೆ ಹಣ ಕೊಡುವವರಿಗೆ ಮೋಸವಾಗುತ್ತದೆ. ಇದ್ದುದಕ್ಕಿಂತ ಸಣ್ಣದೆಂದು ಬರೆದರೆ ದುಡಿದ ಆಸ್ಪತ್ರೆಗೂ, ಮುಂದೆ ಆರೈಕೆ ಪಡೆಯಬೇಕಾದ ರೋಗಿಗೂ ಅನ್ಯಾಯವಾಗುತ್ತದೆ. ಸೇರನ್ನು ಮಟ್ಟ ಮಾಡುವ ಕೋಲು ಎರಡೂ ತಪ್ಪುಗಳನ್ನು ತಡೆಯುವುದಕ್ಕಾಗಿಯೇ ಇರುವುದು.

ಲೌಕಿಕ ಶಾಸನವೂ ಇದನ್ನು ಗುರುತಿಸಿದೆ. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸರಕು ಪೂರೈಸುವವರು ಮಾಡುತ್ತಿದ್ದ ಮೋಸವನ್ನು ತಡೆಯಲು 1863ರಲ್ಲಿ ಸುಳ್ಳು ಬೇಡಿಕೆಗಳ ವಿರುದ್ಧ ಕಾನೂನೊಂದನ್ನು ಮಾಡಲಾಯಿತು. ಇಂದು ಸರ್ಕಾರದ ಆರೋಗ್ಯ ವಿಮೆಗೆ ತಿಳಿದೂ ತಿಳಿದೂ ಸುಳ್ಳು ಸಂಕೇತ ಬರೆದು ಹಣ ಪಡೆದವರ ಮೇಲೆ ಅದೇ ಕಾನೂನನ್ನು ಪ್ರಯೋಗಿಸಿ, ನಷ್ಟದ ಮೂರು ಪಟ್ಟು ವಸೂಲು ಮಾಡುವುದುಂಟು. ಆದರೆ ಕಾನೂನು ಹಿಡಿಯುವುದು ಹೆಚ್ಚಾಗಿ ಅಧಿಕವನ್ನು ಮಾತ್ರ. ಆತುರದಿಂದಲೋ ಉದಾಸೀನದಿಂದಲೋ ಕಡಿಮೆ ಬರೆದವನನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಅಲ್ಲಿ ಕಾವಲು ಬರೆಯುವವನ ಮನಸ್ಸಾಕ್ಷಿಯೊಂದೇ.

ಈ ವಿಷಯವು ದೂರದ ದೇಶದ್ದೆಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿಯೂ ವೈದ್ಯರು ಪ್ರಮಾಣೀಕರಿಸಿದ ಸಾವಿನ ಕಾರಣಗಳನ್ನು ಐಸಿಡಿ ಪಟ್ಟಿಗೆ ಅನುಗುಣವಾಗಿಯೇ ವರ್ಗೀಕರಿಸಲಾಗುತ್ತದೆ. ದ್ವಿಚಕ್ರ ವಾಹನದಲ್ಲಿ ಹೋಗುವವರ ಕೊರಳನ್ನು ಗಾಳಿಪಟದ ಮಾಂಜಾ ದಾರ ಸೀಳಿದ ಸುದ್ದಿಗಳು ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತವೆ. ಅದೇ ದಾರಕ್ಕೆ ಸಿಲುಕಿ ಎಷ್ಟೋ ಹಕ್ಕಿಗಳು ಸಾಯುತ್ತವೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನೈಲಾನ್ ಮುಂತಾದ ಕೃತಕ ಎಳೆಯ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಯಾವ ಗಾಯ ಯಾವುದರಿಂದ ಆಯಿತು ಎಂದು ಆಸ್ಪತ್ರೆಗಳು ಸರಿಯಾಗಿ ಬರೆದಿಟ್ಟರೆ ಮಾತ್ರ ನಿಷೇಧ ಫಲಿಸಿತೋ ಇಲ್ಲವೋ ಎಂಬುದನ್ನು ಅಳೆಯಲು ಸಾಧ್ಯ. ಕೊರಳಿನ ಗಾಯ ಎಂದಷ್ಟೇ ಬರೆದು ಕಾರಣವನ್ನು ಬಿಟ್ಟರೆ ದಾರವೂ ಗಾಜೂ ಒಂದೇ ಆಗಿ ಹೋಗುತ್ತವೆ.

ಗೃಹಸ್ಥರು ತಿಳಿದಿರಬೇಕಾದ ಕೆಲವು ಮಾತುಗಳೂ ಇವೆ. ಯಾರದಾದರೂ ಕೊರಳಿಗೆ ಗಾಯವಾಗಿ ರಕ್ತ ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಆ ಸ್ಥಳವನ್ನೇ ಬಿಗಿಯಾಗಿ ಒತ್ತಿ ಹಿಡಿಯಬೇಕು. ಕೊರಳಿನ ಸುತ್ತ ಬಟ್ಟೆ ಬಿಗಿದು ಕಟ್ಟಬಾರದು. ಉಸಿರಾಟಕ್ಕೆ ತೊಡಕಿಲ್ಲದಿದ್ದರೆ ಗಾಯಾಳುವನ್ನು ಮಲಗಿಸಬೇಕು, ಎಬ್ಬಿಸಿ ಕೂರಿಸಬಾರದು. ಗಾಜಿನ ಚೂರು ಒಳಗೆ ಚುಚ್ಚಿಕೊಂಡಿದ್ದರೆ ಅದನ್ನು ಕೀಳದೆ ಹಾಗೆಯೇ ಬಿಟ್ಟು, ಅದರ ಸುತ್ತ ಒತ್ತಬೇಕು. ರಕ್ತ ನಿಂತಿತೇ ಎಂದು ಪದೇ ಪದೇ ಬಟ್ಟೆ ತೆಗೆದು ನೋಡಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಗಾಯ ಯಾವಾಗ, ಯಾವುದರಿಂದ, ಹೇಗೆ ಆಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಸಂಕೋಚದಿಂದಲೋ, ಪೊಲೀಸರ ಭಯದಿಂದಲೋ, ವಿಮೆಯ ಆಸೆಯಿಂದಲೋ ಕಥೆಯನ್ನು ಬದಲಿಸಿದರೆ ಚಿಕಿತ್ಸೆಗೆ ತೊಡಕಾಗುತ್ತದೆ. ಕಡತದ ಮೊದಲನೆಯ ಸಾಲು ರೋಗಿಯ ಕಡೆಯವರ ಬಾಯಿಂದಲೇ ಹುಟ್ಟುವುದೆಂಬುದನ್ನು ಮರೆಯಬಾರದು.

ದೇವಾಲಯಗಳ ಟ್ರಸ್ಟುಗಳು ಅಲ್ಲಲ್ಲಿ ಔಷಧಾಲಯಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತವೆ. ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುತ್ತವೆ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಅದಕ್ಕೆ ದುಡ್ಡು ಕೊಡುವವರು ಕಟ್ಟಡವನ್ನು ನೋಡುತ್ತಾರೆ, ಯಂತ್ರವನ್ನು ನೋಡುತ್ತಾರೆ. ಮೂಲೆಯಲ್ಲಿ ಕುಳಿತು ರೋಗಿಗಳ ವಿವರ ಬರೆಯುವ ಗುಮಾಸ್ತನನ್ನು ಯಾರೂ ನೋಡುವುದಿಲ್ಲ. ಅವನಿಗೆ ಸಾಕಷ್ಟು ಸಮಯ ಕೊಡುವುದು, ಸಂದೇಹ ಬಂದಾಗ ವೈದ್ಯರನ್ನು ಕೇಳುವ ಧೈರ್ಯ ಕೊಡುವುದು, ಕೇಳಿದ್ದಕ್ಕಾಗಿ ಗದರದಿರುವುದು ಇವು ಆಡಳಿತದವರ ಹೊಣೆ. ಪ್ರಶ್ನೆ ಕೇಳುವವರನ್ನು ಅಡ್ಡಿ ಎಂದು ಎಣಿಸುವ ಸಂಸ್ಥೆಯಲ್ಲಿ ಸುಳ್ಳು ತಾನಾಗಿಯೇ ಬೆಳೆಯುತ್ತದೆ. ಅದಕ್ಕೆ ಯಾರೊಬ್ಬರೂ ಸುಳ್ಳು ಹೇಳಬೇಕಾಗಿಯೇ ಇಲ್ಲ.

ಆ ಕಡತದ ಮನುಷ್ಯನು ಹತ್ತು ದಿನಗಳ ನಂತರ ಹೊಲಿಗೆ ಬಿಚ್ಚಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಬಂದನು. ಗಾಯ ಚೆನ್ನಾಗಿ ಕೂಡಿಕೊಂಡಿತ್ತು. ಆ ಟಿಪ್ಪಣಿಯೂ ಕಾಕತಾಳೀಯವಾಗಿ ಅದೇ ತರುಣಿಯ ಮುಂದೆ ಬಂದಿತು. ಈ ಸಾರಿ ವೈದ್ಯರೂ ದಾದಿಯೂ ಎಡ ಪಾರ್ಶ್ವವೆಂದೇ ಬರೆದಿದ್ದರು. ಆಕೆ ಹಿಂದಿನ ಸಂಕೇತದ ಕೊನೆಯ ಅಕ್ಷರವನ್ನು ಮಾತ್ರ ಬದಲಿಸಿ, ಎ ಇದ್ದಲ್ಲಿ ಡಿ ಎಂದು ಬರೆದು, ಮುಂದಿನ ಕಡತವನ್ನು ತೆರೆದಳು.